ಡಬ್ಬಿ ಬಿದ್ದಿದೆಯೋ, ಒತ್ತಕ್ಷರ ಜಾರಿದೆಯೋ: ಮೊದಲು ಚೀಟಿ ನೋಡಿ

ಗಂಗಾವತಿಯ ಅಕ್ಕಿ ಗಿರಣಿಯೊಂದರ ತೂಕದ ಚೀಟಿ ಪ್ರೋಗ್ರಾಮನ್ನು ವಿಂಡೋಸ್‌ನಿಂದ ಡೆಬಿಯನ್‌ಗೆ (ಒಂದು ಬಗೆಯ ಲಿನಕ್ಸ್) ಬದಲಿಸಿದ ಮೊದಲ ಬೆಳಿಗ್ಗೆಯೇ ಆಪರೇಟರ್ ಫೋನ್: "ಸರ, ರೈತರ ಹೆಸರೆಲ್ಲಾ ಡಬ್ಬಿ ಡಬ್ಬಿ ಬರಾಕತ್ತಾವ್ರಿ." ಹೊರಗೆ ಭತ್ತದ ಟ್ರ್ಯಾಕ್ಟರ್‌ಗಳ ಸಾಲು. ತೂಕ, ದರ, ಮೊತ್ತ ಎಲ್ಲ ಸರಿಯಿತ್ತು. ಆದರೆ ತನ್ನ ಹೆಸರಿಲ್ಲದ ಚೀಟಿಯನ್ನು ಯಾವ ರೈತನೂ ಒಪ್ಪಲಿಲ್ಲ, ಒಪ್ಪಲೂಬಾರದು.

ಇಂಥ ಹೊತ್ತಲ್ಲಿ ಸಿಕ್ಕ ಫಾಂಟನ್ನೆಲ್ಲ ತುಂಬುತ್ತಾ ಕೂರಬೇಡಿ. ಬರೀ ಡಬ್ಬಿ, ಅಂದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕ, ಬಂದರೆ ಕನ್ನಡ ಗ್ಲಿಫ್ (ಅಕ್ಷರದ ಆಕಾರ) ಇರುವ ಫಾಂಟೇ ಸಿಕ್ಕಿಲ್ಲ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿದ್ದರೆ ಫಾಂಟ್ ಇದೆ, ಶೇಪಿಂಗ್ (ಅಕ್ಷರಗಳನ್ನು ಕೂಡಿಸಿ ಒತ್ತಕ್ಷರದ ರೂಪ ಕೊಡುವ ಕೆಲಸ) ಆಗುತ್ತಿಲ್ಲ. ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಿದ್ದರೆ ಡೇಟಾ ಹಳೇ ನುಡಿ ತಂತ್ರಾಂಶದ ಎನ್‌ಕೋಡಿಂಗ್‌ನದು (ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಕ್ರಮ). ಅದನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಯಾವ ಯೂನಿಕೋಡ್ ಫಾಂಟ್ ಹಾಕಿದರೂ ಪ್ರಯೋಜನವಿಲ್ಲ.

ಗಂಗಾವತಿಯದು ಮೊದಲನೆಯ ರೋಗ. ಚೀಟಿ ತಯಾರಿಸುವ ಜಾಸ್ಪರ್ ಎಂಬ ಜಾವಾ ರಿಪೋರ್ಟ್ ಸಾಧನದ ಟೆಂಪ್ಲೇಟ್‌ನಲ್ಲಿ ಫಾಂಟ್ ಹೆಸರು ತುಂಗಾ ಎಂದಿತ್ತು. ಅದು ಮೈಕ್ರೋಸಾಫ್ಟ್‌ನ ಫಾಂಟ್, ಡೆಬಿಯನ್‌ನಲ್ಲಿ ಇರುವುದಿಲ್ಲ. ಫಾಂಟ್ ಸಿಗದಿದ್ದರೆ ಜಾಸ್ಪರ್ ಎರರ್ ಕೊಟ್ಟು ನಿಲ್ಲಬೇಕು. ಆದರೆ ಡೆಡ್‌ಲೈನ್ ಒತ್ತಡದಲ್ಲಿ 'ಇಗ್ನೋರ್ ಮಿಸ್ಸಿಂಗ್ ಫಾಂಟ್' ಟ್ರೂ ಆಗಿತ್ತು. ಎರರ್ ಹೋಯಿತು, ಜತೆಗೆ ಹೆಸರೂ ಹೋಯಿತು. ಆ ಸೆಟ್ಟಿಂಗ್ ಯಾವತ್ತೂ ಫಾಲ್ಸ್ ಆಗಿಯೇ ಇರಲಿ.

ಆ ಕ್ಷಣಕ್ಕೆ ಮಾಡಿದ್ದು: ಡೆಬಿಯನ್‌ನ ಪ್ಯಾಕೇಜ್ ಹಾಕುವ ಆಪ್ಟ್‌ನಲ್ಲಿ 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ' ಹಾಕಿ, 'ಎಫ್‌ಸಿ-ಕ್ಯಾಶ್ -ಎಫ್' ಓಡಿಸಿ ಫಾಂಟ್ ಪಟ್ಟಿ ಹೊಸದು ಮಾಡಿ, 'ಎಫ್‌ಸಿ-ಲಿಸ್ಟ್'ನಲ್ಲಿ ಲೋಹಿತ್ ಕನ್ನಡ ಕಾಣುತ್ತದೆಯೇ ನೋಡಿ, ಟೆಂಪ್ಲೇಟ್‌ನಲ್ಲಿ ಅದೇ ಹೆಸರು ಬರೆದು, ಜೆವಿಎಂ (ಜಾವಾ ಪ್ರೋಗ್ರಾಮ್ ಓಡಿಸುವ ಎಂಜಿನ್) ರೀಸ್ಟಾರ್ಟ್. ರೀಸ್ಟಾರ್ಟ್ ಮರೆತರೆ ಹೊಸ ಫಾಂಟ್ ಅದರ ಕಣ್ಣಿಗೆ ಬೀಳುವುದಿಲ್ಲ.

ಶಾಶ್ವತ ಪರಿಹಾರ ಬೇರೆ. ಫಾಂಟ್ ಎಂಬುದು ಪ್ರೋಗ್ರಾಮಿನ ಒಂದು ಭಾಗ, ಗಿರಾಕಿಯ ಮಷೀನಿನಲ್ಲಿ ಇದ್ದರೆ ಇರಲಿ ಎನ್ನುವ ವಸ್ತುವಲ್ಲ. ನೋಟೋ ಸ್ಯಾನ್ಸ್ ಕನ್ನಡಕ್ಕೆ ಮುಕ್ತ ಲೈಸೆನ್ಸ್ ಇದೆ. ಅದನ್ನು ಫಾಂಟ್ ಎಕ್ಸ್‌ಟೆನ್ಶನ್ ಜಾರ್ (ಜಾವಾದ ಕಟ್ಟು ಫೈಲ್) ಮಾಡಿ ಪ್ರೋಗ್ರಾಮಿನ ಜತೆಗೇ ಕಳಿಸಿ. ತುಂಗಾ ಫೈಲನ್ನು ಕಾಪಿ ಮಾಡಿ ಹಂಚಲು ನಮಗೆ ಹಕ್ಕಿಲ್ಲ. ಪಿಡಿಎಫ್ ಕೂಡ ಬೇಕಿದ್ದರೆ ಜಾಸ್ಪರ್‌ನಲ್ಲಿ ಆ ಫಾಂಟಿಗೆ ಎನ್‌ಕೋಡಿಂಗ್ 'ಐಡೆಂಟಿಟಿ-ಎಚ್', ಎಂಬೆಡ್ (ಫಾಂಟನ್ನು ಪಿಡಿಎಫ್ ಒಳಗೇ ಸೇರಿಸುವುದು) ಟ್ರೂ. ಪಿಡಿಎಫ್‌ನಲ್ಲಿ ಒತ್ತಕ್ಷರ ಜಾರಿದರೆ ಜಾಸ್ಪರ್‌ನ 'ಗ್ಲಿಫ್ ರೆಂಡರರ್ ಬ್ಲಾಕ್ಸ್' ಸೆಟ್ಟಿಂಗ್‌ಗೆ ಕನ್ನಡ ಸೇರಿಸಿ.

ಫಾಂಟ್ ಬದಲಾದರೆ ಅಳತೆಯೂ ಬದಲಾಗುತ್ತದೆ. ಏರಿಯಲ್ ಬದಲು ಲಿಬರೇಶನ್ ಸ್ಯಾನ್ಸ್ ಹಾಕಿದರೆ ಅಕ್ಷರದ ಅಗಲ ಅದೇ ಇರುತ್ತದೆ, ಕಾಲಂ ಕದಲುವುದಿಲ್ಲ. ತುಂಗಾ ಬದಲು ನೋಟೋ ಹಾಕುವಾಗ ಆ ಭರವಸೆ ಇಲ್ಲ. ಫೀಲ್ಡಿನ ಎತ್ತರಕ್ಕೆ ಸಾಲು ಹಿಡಿಸದಿದ್ದರೆ ಜಾಸ್ಪರ್ ಆ ಸಾಲನ್ನೇ ಬಿಟ್ಟುಬಿಡುತ್ತದೆ. ಆಗ ಫಾಂಟ್ ಸರಿಯಿದ್ದೂ ಹೆಸರು ಖಾಲಿ. 'ಲಕ್ಷ್ಮೀ' ತರಹದ ಹೆಸರುಗಳನ್ನೇ ಹಾಕಿ ಪರೀಕ್ಷಿಸಿ, ಅದೂ ಡೆವಲಪರ್ ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಅಲ್ಲಿ ಎಲ್ಲ ಫಾಂಟೂ ಇರುತ್ತವೆ. ಬರಿದಾದ ಒಂದು ಮಷೀನು ಕೊಡಿಸಿ ಎಂದು ಮ್ಯಾನೇಜ್‌ಮೆಂಟನ್ನು ಕೇಳುತ್ತಲೇ ಇದ್ದೇವೆ. ಅಲ್ಲಿಯವರೆಗೆ ವರ್ಚುಯಲ್ ಮಷೀನಿನಲ್ಲಿ ಕನಿಷ್ಠ ಪ್ಯಾಕೇಜ್‌ಗಳ ಡೆಬಿಯನ್ ಹಾಕಿಯೇ ಚೀಟಿ ತೆಗೆಯುತ್ತೇವೆ.