ಓಪಿಡಿ ಸಾಕೆನಿಸಿದವರಿಗೆ: ಗಣಿ ತಪಾಸಣೆಯ ಒಂದು ದಿನ

ಗಣಿ ಕಾರ್ಮಿಕರ ಆರೋಗ್ಯ ತಪಾಸಣೆಗೆ ಕೂತ ವೈದ್ಯರು ಬೆಳಿಗ್ಗೆ ಮೊದಲು ಮುಗಿಸಬೇಕಾದದ್ದು ಕಿವಿ ಪರೀಕ್ಷೆ. ಕ್ರಷರ್ ಪಕ್ಕ ಶಿಫ್ಟ್ ಮುಗಿಸಿ ನೇರ ಬಂದವನ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ. ಅವನನ್ನು ಆಗಲೇ ಕೂರಿಸಿದರೆ ಇಲ್ಲದ ಕಿವುಡು ಕಾಗದದ ಮೇಲೆ ಬರುತ್ತದೆ. ಗದ್ದಲದಿಂದ ಹದಿನಾಲ್ಕು ಹದಿನಾರು ಗಂಟೆ ದೂರ ಇದ್ದವರು, ಅಂದರೆ ವಾರದ ರಜೆ ಮುಗಿಸಿ ಬಂದವರು, ಸಾಲಿನಲ್ಲಿ ಮುಂದೆ ನಿಲ್ಲಬೇಕು. ಮೊದಲು ಕಿವಿಯೊಳಗೆ ನೋಡುವ ಆಟೋಸ್ಕೋಪ್ ಹಾಕಿ ಗುಗ್ಗೆ ನೋಡಿ. ಕೋಣೆಯ ಹಿಂದೆ ಜನರೇಟರ್ ಓಡುತ್ತಿದ್ದರೆ ಪರೀಕ್ಷೆಯನ್ನೇ ಮುಂದೂಡಿ. ಗ್ರಾಫ್ 4000 ಹರ್ಟ್ಸ್‌ನಲ್ಲಿ ಕುಸಿದು 8000ದಲ್ಲಿ ಮತ್ತೆ ಮೇಲೆ ಬಂದಿದ್ದರೆ ಗದ್ದಲದ್ದೇ ಕೆಲಸ ಎಂದು ಶಂಕಿಸಬೇಕು.

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಪ್ರಾಕ್ಟೀಸ್ ಬಿಡಬೇಕೆಂದಿರುವ ಎಂಬಿಬಿಎಸ್ ವೈದ್ಯರ ಮಾತು ಸಾಮಾನ್ಯವಾಗಿ ಬೆಂಗಳೂರಿಗೇ ಹೋಗಿ ನಿಲ್ಲುತ್ತದೆ: ವಿಮೆ ಕ್ಲೇಮು, ಔಷಧ ಕಂಪನಿ, ಮೆಡಿಕಲ್ ರೈಟಿಂಗ್. ಸಂಡೂರಿನ ಅದಿರು ಗಣಿ, ತೋರಣಗಲ್ಲಿನ ಉಕ್ಕು, ಹಟ್ಟಿಯ ಚಿನ್ನ, ಶಕ್ತಿನಗರದ ವಿದ್ಯುತ್ ಸ್ಥಾವರ, ಗಿಣಿಗೇರಿ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳು ಕಣ್ಣಿಗೆ ಬೀಳುವುದಿಲ್ಲ. ಇಲ್ಲೆಲ್ಲ ವೈದ್ಯರು ಬೇಕು. ಅಪಾಯಕಾರಿ ಉದ್ಯಮಗಳಲ್ಲಿ ಕೇಳುವ ಅರ್ಹತೆ ಎಎಫ್‌ಐಎಚ್ (ಅಸೋಸಿಯೇಟ್ ಫೆಲೋ ಆಫ್ ಇಂಡಸ್ಟ್ರಿಯಲ್ ಹೆಲ್ತ್), ಮೂರು ತಿಂಗಳ ಕೋರ್ಸು. ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆಯಲ್ಲಿ ನಡೆಯುತ್ತದೆ. ಶುಲ್ಕ ಕಟ್ಟುವ ಮೊದಲು ಒಂದು ದಿನ ಇಂಥ ತಪಾಸಣೆಯಲ್ಲಿ ಕೂತು ನೋಡುವುದು ಮೇಲು. ಓಪಿಡಿಯಲ್ಲಿ ಬೇಜಾರು ತಂದದ್ದು ರೋಗಿಗಳ ಗದ್ದಲವೋ, ಒಂದೇ ಕೆಲಸದ ಪುನರಾವರ್ತನೆಯೋ ಅಲ್ಲಿ ಗೊತ್ತಾಗುತ್ತದೆ. ಎರಡನೆಯದಾದರೆ ಇದೂ ಒಗ್ಗುವುದಿಲ್ಲ.

ಕಿವಿಯ ನಂತರ ಶ್ವಾಸ. ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೀಟರನ್ನು ದಿನವೂ ಮೂರು ಲೀಟರ್ ಸಿರಿಂಜ್‌ನಿಂದ ಸರಿನೋಡಬೇಕು, ಶೇ. 3ಕ್ಕಿಂತ ಹೆಚ್ಚು ತಪ್ಪು ತೋರಿದರೆ ಅದನ್ನು ಬಳಸಬೇಡಿ. ಸೇಫ್ಟಿ ಶೂ ಕಳಚಿಸಿ ಎತ್ತರ ಅಳೆಯಿರಿ. ಬೂಟಿನ ಎತ್ತರ ಸೇರಿದರೆ ಯಂತ್ರ ನಿರೀಕ್ಷಿಸುವ ಅಂಕಿ ಏರಿ ಚೆನ್ನಾಗಿರುವವನೂ ಕಡಿಮೆ ಬೀಳುತ್ತಾನೆ. ಯಂತ್ರದೊಳಗೆ ಯುರೋಪಿಯನ್ನರ ಅಂಕಿಗಳೇ ಕೂತಿದ್ದರೂ ಅದೇ ಗತಿ. ಸರಿಯಾದ ಮೂರು ಊದು ಸಿಗಬೇಕು, ಅತಿ ಹೆಚ್ಚಿನ ಎರಡರ ನಡುವೆ 150 ಮಿಲಿ ಮೀರಿದ ವ್ಯತ್ಯಾಸ ಇರಬಾರದು. ಮೊದಲ ಸೆಕೆಂಡಿನಲ್ಲೇ ಕೆಮ್ಮುವುದು, ತುಟಿ ಸಡಿಲ ಬಿಡುವುದು, ಅರ್ಧಕ್ಕೇ ನಿಲ್ಲಿಸುವುದು ದಿನವಿಡೀ ಇದ್ದದ್ದೇ. ‘ಊದ್ರಿ, ಊದ್ರಿ, ಇನ್ನೂ ಊದ್ರಿ’ ಎಂದು ಗಂಟಲು ಹರಿದುಕೊಳ್ಳುವ ತಂತ್ರಜ್ಞನಿಲ್ಲದಿದ್ದರೆ ಆ ಅಂಕಿಗಳು ಕಸ.

ಎಕ್ಸ್‌ರೇ ಓದುವುದಕ್ಕೆ ನಿಧಾನ ಬೇಕು. ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) ಮಾದರಿ ಚಿತ್ರಗಳನ್ನು ಪಕ್ಕದಲ್ಲಿಟ್ಟು ಸಣ್ಣ ಚುಕ್ಕೆಗಳ ಸಾಂದ್ರತೆಯನ್ನು 0ಯಿಂದ 3ರವರೆಗೆ ಗುರುತಿಸುತ್ತಾರೆ. ಉಸಿರು ಪೂರ್ತಿ ಎಳೆದುಕೊಳ್ಳದ ಚಿತ್ರದಲ್ಲಿ ಕೆಳಭಾಗ ಒತ್ತಾಗಿ ರೋಗದಂತೆ ಕಾಣುತ್ತದೆ, ಮತ್ತೆ ತೆಗೆಸಿ. ಸಂಡೂರಿನ ಅದಿರಿನ ಜೊತೆ ಸಿಲಿಕಾ ಇರುವ ಕಲ್ಲೂ ಇದೆ, ಹಟ್ಟಿಯ ಚಿನ್ನ ಬೆಣಚುಕಲ್ಲಿನ, ಅಂದರೆ ಸಿಲಿಕಾದ, ಎಳೆಗಳಲ್ಲಿದೆ. ಆದ್ದರಿಂದ ಮೇಲ್ಭಾಗದಲ್ಲಿ ದುಂಡು ಚುಕ್ಕೆ ಕಂಡರೆ ಟಿಬಿ ಎಂದು ಬರೆದು ಕೈತೊಳೆದುಕೊಳ್ಳಬಾರದು. ಕಫ ಪರೀಕ್ಷೆಯಲ್ಲಿ ಏನೂ ಸಿಗದೆ ಟಿಬಿ ಮಾತ್ರೆಯ ಎರಡನೇ ಸುತ್ತಿನಲ್ಲಿರುವ ಕೆಲಸಗಾರನಲ್ಲಿ ಸಿಲಿಕೋಸಿಸ್, ಅಂದರೆ ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಹುಡುಕಬೇಕು. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆಯೂ ಹೆಚ್ಚು, ಎರಡೂ ಇರಬಹುದು. ಯಾವ ವರ್ಷ, ಯಾವ ಕೆಲಸ, ಡ್ರಿಲ್ಲಿಂಗ್‌ಗೆ ನೀರು ಬಿಡುತ್ತಿದ್ದರೋ ಇಲ್ಲವೋ ಎಂದು ಕೇಳಿ ಬರೆದುಕೊಳ್ಳುವುದು ಚಿತ್ರದಷ್ಟೇ ಮುಖ್ಯ.

ಕ್ಲಿನಿಕ್ಕಿನಿಂದ ಬಂದವರು ತಬ್ಬಿಬ್ಬಾಗುವುದು ಇಲ್ಲೇ. ಅಲ್ಲಿ ರೋಗಿ ತೊಂದರೆಯನ್ನು ಹೆಚ್ಚಿಸಿ ಹೇಳುತ್ತಾನೆ, ಇಲ್ಲಿ ಮುಚ್ಚಿಡುತ್ತಾನೆ. ‘ಸ್ವಲ್ಪ ದಮ್ಮು ಬರ್ತೈತ್ರೀ ಸಾಹೇಬ್ರೆ, ಫಿಟ್ ಅಂತ ಬರೀರಿ’ ಎನ್ನುವವನು ಗುತ್ತಿಗೆ ಕಾರ್ಮಿಕನಾಗಿದ್ದರೆ ಅನ್‌ಫಿಟ್ ಎಂಬ ಒಂದು ಪದಕ್ಕೆ ಕೂಲಿ ನಿಲ್ಲುತ್ತದೆ. ಫಿಟ್, ಅನ್‌ಫಿಟ್ ನಡುವೆ ಮೂರನೆಯ ದಾರಿಯಿದೆ: ದೂಳಿಲ್ಲದ ಕೆಲಸಕ್ಕೆ ಫಿಟ್ ಎಂದು ಷರತ್ತು ಹಾಕುವುದು. ಅದನ್ನು ಸ್ಪಷ್ಟವಾಗಿ ಬರೆಯಲು ಬಾರದ ವೈದ್ಯ ಈ ಕೆಲಸಕ್ಕೆ ಬರಬಾರದು. ಆಡಳಿತಕ್ಕೆ ಹೋಗಬೇಕಾದದ್ದು ಆ ಒಂದು ಸಾಲು. ಅವನ ಶುಗರ್, ಎಚ್‌ಐವಿ ವಿವರ ಅಲ್ಲ. ಆದರೆ ಸಿಲಿಕೋಸಿಸ್‌ನಂಥ ಕಾಯಿಲೆಯನ್ನು ಅಧಿಕಾರಿಗಳಿಗೆ ತಿಳಿಸಲೇಬೇಕು. 1952ರ ಗಣಿ ಕಾಯ್ದೆಯಲ್ಲೂ ಅದು ಚಿಕಿತ್ಸೆ ಕೊಡುವ ವೈದ್ಯನ ಹೊಣೆಯಾಗಿತ್ತು, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಕಾರ್ಮಿಕ ಸಂಹಿತೆಯಲ್ಲೂ ಹೌದು. ಊರಿನ ಕ್ಲಿನಿಕ್ ವೈದ್ಯರಿಗೂ ಇದು ಅನ್ವಯ, ಅವರು ಮಾತ್ರ ಮರೆತಿರುತ್ತಾರೆ.

ಕ್ಲಿನಿಕ್ಕನ್ನು ಒಮ್ಮೆಗೇ ಮುಚ್ಚಬೇಕಿಲ್ಲ. ಸಣ್ಣ ಕಾರ್ಖಾನೆಗಳಿಗೆ ವಾರಕ್ಕೆ ಕೆಲವು ಹೊತ್ತು ಬರುವ ವೈದ್ಯರು ಸಾಕು; ಹಾಗೆ ಒಂದು ವರ್ಷ ನೋಡಿ. ಮುಚ್ಚುವುದೇ ಆದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ವೈದ್ಯಕೀಯ ತ್ಯಾಜ್ಯದ ಅನುಮತಿ ಎರಡಕ್ಕೂ ಲಿಖಿತವಾಗಿ ತಿಳಿಸಿ. ಸ್ಕ್ಯಾನಿಂಗ್ ಯಂತ್ರವಿದ್ದರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ಪ್ರಾಧಿಕಾರದ ಗಮನಕ್ಕೆ ತರದೆ ಮಾರಬೇಡಿ. ಒಳರೋಗಿಗಳ ದಾಖಲೆ ಮೂರು ವರ್ಷ ಜೋಪಾನ. ವೈದ್ಯಕೀಯ ಪರಿಷತ್ತಿನ ನೋಂದಣಿ ಕೈಬಿಟ್ಟರೆ ಫಿಟ್ನೆಸ್‌ಗೆ ಸಹಿ ಹಾಕುವ ಹಕ್ಕೂ ಹೋಗುತ್ತದೆ.

ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ಮೂರು: ಅನ್‌ಫಿಟ್ ಎಂದು ಬರೆದವನಿಗೆ ಬೇರೆ ಕೆಲಸ ಕೊಡುವ ಪದ್ಧತಿ ಇದೆಯೇ, ಗುತ್ತಿಗೆಯವರ ಹಳೆಯ ಎಕ್ಸ್‌ರೇಗಳು ಎಲ್ಲಿವೆ, ವೈದ್ಯ ವರದಿ ಕೊಡಬೇಕಾದದ್ದು ಎಚ್‌ಆರ್‌ಗೋ ಮೇಲಿನವರಿಗೋ. ಎರಡನೆಯದಕ್ಕೆ ಉತ್ತರ ಸಿಗದ ಕಡೆ ಸೇರಬೇಡಿ.