ಬೆಳಕಿಗೆ ಎದುರಾಗಿ ನಿಂತ ಯೆಜ್ಡಿ

18 ಜನವರಿ 2025, ಶನಿವಾರ
ಮೈಸೂರು

ಬೆಳಿಗ್ಗೆ ಐದೂವರೆಗೇ ಚಿಕ್ಕಪ್ಪನ ಮನೆಯ ಗೇಟಿನ ಮುಂದೆ ನಿಂತಿದ್ದೆ. ಅವರ ಯೆಜ್ಡಿ ರೋಡ್‌ಕಿಂಗ್ ಬೈಕಿನ ಒಂದು ಒಳ್ಳೆಯ ಚಿತ್ರ ತೆಗೆಯಬೇಕೆಂದು ಮೂರು ವರ್ಷದಿಂದ ಒದ್ದಾಡುತ್ತಿದ್ದೇನೆ. ಇದುವರೆಗೆ ತೆಗೆದವೆಲ್ಲ ಮಾರಾಟಕ್ಕಿಟ್ಟ ಗಾಡಿಯ ಚಿತ್ರಗಳಂತಿವೆ. ಗಾಡಿ ಪೂರ್ತಿ ಕಾಣುತ್ತದೆ, ಆದರೆ ಎರಡನೆಯ ಸಲ ನೋಡಬೇಕೆನ್ನಿಸುವುದಿಲ್ಲ.

ಚಿಕ್ಕಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. 1961ರಲ್ಲಿ ಜಾವಾ ಬೈಕುಗಳನ್ನು ಮಾಡಲು ಶುರುಮಾಡಿ, ಮುಂದೆ ಯೆಜ್ಡಿ ಎಂಬ ಹೆಸರಿಗೆ ಹೊರಳಿ, 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಅದು. ಈ ಗಾಡಿ 1984ರದು, ಮನೆಗೆ ನನಗಿಂತ ಮೊದಲೇ ಬಂದದ್ದು.

ಅವರು ಆಗಲೇ ಬಟ್ಟೆ ಹಿಡಿದು ಉಜ್ಜುತ್ತ ಕುಳಿತಿದ್ದರು. “ಇಂಜಿನ್ನಿನ ಮೇಲಿನ ಧೂಳು ಹಾಗೇ ಇರಲಿ ಚಿಕ್ಕಪ್ಪ, ಓಡುವ ಗಾಡಿ ಅನ್ನುವುದು ಗೊತ್ತಾಗಲಿ” ಎಂದೆ. “ಫೋಟೋಗೆ ಮುಖ ತೊಳೆಯದೆ ನಿಲ್ಲುತ್ತಾರೇನಪ್ಪಾ?” ಎಂದರು. ಕೊನೆಗೆ ಎರಡು ಸೈಲೆನ್ಸರ್‌ಗಳು ಮತ್ತು ಹೆಡ್‌ಲೈಟಿನ ಬಳೆ ಅವರ ಪಾಲಿಗೆ, ಧೂಳು ನನ್ನ ಪಾಲಿಗೆ ಎಂದು ರಾಜಿಯಾಯಿತು. ನಾನು ಕಪ್ಪು ಅಂಗಿ ತೊಟ್ಟು ಹೋಗಿದ್ದೆ. ಹೋದ ಸಲ ಕ್ರೋಮಿನ ಹೊಳಪಿನಲ್ಲೆಲ್ಲ ನನ್ನ ಕೆಂಪು ಜಾಕೆಟ್ಟೇ ಕುಣಿಯುತ್ತಿತ್ತು.

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಜಾಗ ಹುಡುಕಲಿಕ್ಕೇ ಅರ್ಧ ಗಂಟೆ ಹಿಡಿಯಿತು. ಒಂದು ಕಡೆ ಟ್ಯಾಂಕಿನ ಮೇಲೆ ಕಂಬ ಮೊಳೆತಂತೆ ಕಾಣುತ್ತದೆ, ಇನ್ನೊಂದು ಕಡೆ ಹಿಂದೆ ಹಳದಿ ಫಲಕ. ಕೊನೆಗೆ ಸಿಕ್ಕಿದ ತಿರುವಿನಲ್ಲಿ ಹಿಂದಿನ ಮರಗಳೆಲ್ಲ ಇನ್ನೂ ನೆರಳಲ್ಲೇ ಇದ್ದವು. ಮಂಡಿಯೂರಿ, ಕ್ಯಾಮೆರಾವನ್ನು ಚಕ್ರದ ಗುಂಬದ ಮಟ್ಟಕ್ಕೆ ಇಳಿಸಿದೆ. ನಿಂತುಕೊಂಡು ತೆಗೆದರೆ ಎಂಥ ಬೈಕೂ ಆಟಿಕೆಯಂತೆ ಕುಗ್ಗುತ್ತದೆ. ಮೊಬೈಲ್ ಹಿಡಿದು ಹತ್ತಿರ ಹೋದರಂತೂ ಮುಂದಿನ ಚಕ್ರ ಕುಂಬಳಕಾಯಿಯಷ್ಟು ಊದಿಕೊಳ್ಳುತ್ತದೆ. ಹತ್ತು ಹೆಜ್ಜೆ ಹಿಂದೆ ಸರಿದು ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಲೆನ್ಸಿನಲ್ಲಿ ನೋಡಿದಾಗ ಗಾಡಿ ಕಣ್ಣಿಗೆ ಕಂಡಂತೆಯೇ ಕಂಡಿತು.

ಮೊದಲು ಓಡುವ ಚಿತ್ರಗಳು. ಕ್ಯಾಮೆರಾದ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ತೆರೆಯುವ ವೇಗದಲ್ಲಿ ತೆಗೆದರೆ ಚಕ್ರದ ಕಡ್ಡಿಗಳೆಲ್ಲ ಗಕ್ಕನೆ ನಿಂತು, ಗಾಡಿಯನ್ನು ರಸ್ತೆಗೆ ಅಂಟಿಸಿದಂತಿರುತ್ತದೆ. ಆ ವೇಗವನ್ನು ಸೆಕೆಂಡಿನ ನಲವತ್ತರಲ್ಲೊಂದು ಭಾಗಕ್ಕೆ ಇಳಿಸಿ, ಚಿಕ್ಕಪ್ಪ ಹಾದುಹೋಗುವಾಗ ಅವರ ಜೊತೆಗೇ ಸೊಂಟ ತಿರುಗಿಸುತ್ತ ಅರವತ್ತು ಚಿತ್ರ ತೆಗೆದೆ. ನಾಲ್ಕು ನೆಟ್ಟಗಿವೆ. ಚೆನ್ನಾಗಿಯೇ ಇವೆ, ಆದರೆ ಯೆಜ್ಡಿಯ ಜಾಗದಲ್ಲಿ ಬೇರೆ ಯಾವ ಬೈಕಿದ್ದರೂ ಆ ಚಿತ್ರ ಹಾಗೆಯೇ ಬರುತ್ತಿತ್ತು ಎಂಬುದೇ ಸಂಕಟ.

ಯೆಜ್ಡಿಯೆಂದರೆ ನನಗೆ ಹೊಗೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಗಾಡಿ. ತಣ್ಣಗಿದ್ದಾಗ ಶುರುಮಾಡಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಆ ಹೊಗೆ ನನ್ನ ಒಂದು ಚಿತ್ರದಲ್ಲೂ ಇರಲಿಲ್ಲ. ಸೂರ್ಯ ಬೆನ್ನಿಗಿರಬೇಕೆಂದು ಕಲಿತದ್ದನ್ನೇ ಮೂರು ವರ್ಷ ಪಾಲಿಸಿದ್ದೆ. ಹಾಗೆ ನಿಂತರೆ ತೆಳು ಹೊಗೆ ಬಿಸಿಲಲ್ಲಿ ಕರಗಿಹೋಗುತ್ತದೆ. ಅದು ಕಾಣಬೇಕಾದರೆ ಬೆಳಕು ಹೊಗೆಯ ಆಚೆಯಿಂದ ಬರಬೇಕು, ಅದರ ಹಿಂದೆ ಕತ್ತಲಿರಬೇಕು.

ಗಾಡಿ ತಣ್ಣಗಾಗಲೆಂದು ಕಾದೆವು. ಆಮೇಲೆ ನಾನು ಸೂರ್ಯನಿಗೆ ಎದುರಾಗಿ, ಬಿಸಿಲು ನೇರ ಲೆನ್ಸಿಗೆ ಬೀಳದಂತೆ ತುಸು ಓರೆಯಾಗಿ ಕುಳಿತೆ. ಚಿಕ್ಕಪ್ಪ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ಹೊರಳಿಸಿದರು. ಈ ಗಾಡಿಯಲ್ಲಿ ಕಿಕ್ಕರ್ ಕೂಡ ಅದೇ. ಎರಡನೆಯ ಒದೆತಕ್ಕೆ ಹತ್ತಿಕೊಂಡಿತು. ನೀಲಿ ಬೆರೆತ ಬಿಳಿ ಹೊಗೆ ನೆಲದ ಮೇಲೆ ಉರುಳುತ್ತ ಬಂದು ಎದ್ದು, ಅದರ ಅಂಚಿಗೆಲ್ಲ ಬಿಸಿಲು ಹತ್ತಿತು. ನಾನು ಇರುವುದನ್ನೇ ಮರೆತು ಅವರು ತಲೆ ಓರೆ ಮಾಡಿ ಇಂಜಿನ್ನಿಗೆ ಕಿವಿ ಕೊಟ್ಟಿದ್ದರು. ಒತ್ತಿದೆ. ಮೈ ಜುಮ್ಮೆಂದಿತು.

ಮನೆಗೆ ಬಂದು ಕಾಫಿ ಕುಡಿಯುತ್ತ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಎಡಗಡೆಯ ಸೈಲೆನ್ಸರ್‌ನಲ್ಲಿ ಹೊಗೆ ಕಡಿಮೆ ಬರುತ್ತಿದೆ ನೋಡು. ಒಳಗೆ ಮಸಿ ಕಟ್ಟಿಕೊಂಡಿರಬೇಕು.”

ಲೋಟವನ್ನು ಅಲ್ಲೇ ಇಟ್ಟು ಸ್ಪ್ಯಾನರ್ ತರಲು ಎದ್ದರು.