ಹಸರ ಗುಂಡಿ ಎಲ್ಲಿ ಹೋತು?

ಈ ವಾರ ಗುಳೇದಗುಡ್ಡದಲ್ಲಿ ಕೇಳಿದ ಒಂದು ಮಾತು ಇನ್ನೂ ಕಿವಿಯಲ್ಲೇ ಇದೆ. ಖಣ ನೇಯುವ ಮನೆ. ಕುಣಿಮಗ್ಗದಲ್ಲಿ ಕೂತ ಅತ್ತಿಯ ಬಲಕ್ಕೆ, ಮೊಳೆಗೆ ನೇತುಹಾಕಿದ ಬಟ್ಟೆ ಚೀಲದಲ್ಲಿ ಫೋನು. ರಿಂಗ್ ಆಯಿತು. ಲಾಳಿ ಬಿಟ್ಟರು, ಸೆರಗಿಗೆ ಕೈ ಒರೆಸಿಕೊಂಡರು, ಫೋನ್ ತೆಗೆದು ಪರದೆಯ ಬಲ ಕೆಳಮೂಲೆಗೆ ಹೆಬ್ಬೆರಳು ಒತ್ತಿದರು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಒತ್ತಿದರು, ಇನ್ನಷ್ಟು ಜೋರಾಗಿ. ರಿಂಗ್ ನಿಂತಿತು. ಆಗ ಕೇಳಿದ್ದು: “ತಮ್ಮಾ, ಹಸರ ಗುಂಡಿ ಎಲ್ಲಿ ಹೋತು?”

ಬಾಗಿಲಲ್ಲಿ ನಿಂತಿದ್ದ ಅವರ ಅಣ್ಣನ ಮಗ ಥಟ್ಟನೆ ಅಂದ: “ಫೋನ್ ಹಳೇದಾಗೇತಿ ಅತ್ತಿ, ಹೊಸಾದ ತಗೊಂಡ್ರ ಎಲ್ಲಾ ಸರಿ ಹೋಗ್ತೈತಿ.” ಒಳ್ಳೆಯ ಹುಡುಗ. ಮನೆಯ ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗ್ ಎಲ್ಲ ಅವನೇ ನೋಡಿಕೊಳ್ಳುತ್ತಾನೆ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಅವರು ಕೇಳಿದ್ದು ಗುಂಡಿ ಎಲ್ಲಿ ಎಂದು. ಫೋನು ಹಳೆಯದೋ ಹೊಸದೋ ಎಂದಲ್ಲ.

ಮಂಗಳೂರಿಗೆ ದುಡಿಯಲು ಹೋದ ಮಗ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಾತ್ರ ಫೋನ್ ಮಾಡುತ್ತಾನೆ. ನೂಲು ಕೊಡುವ ಸಾವಕಾರರು ಯಾವಾಗ ಬೇಕಾದರೂ ಮಾಡುತ್ತಾರೆ. ಎರಡೂ ಕರೆ ಕೆಲವು ದಿನಗಳಿಂದ ತಪ್ಪುತ್ತಿದ್ದವು. ಫೋನಿನ ಬ್ಯಾಟರಿ ಚೆನ್ನಾಗಿದೆ, ಸಿಗ್ನಲ್ ಇದೆ, ಸ್ಪೀಕರ್ ಗಟ್ಟಿಯಿದೆ. 2 ಜಿಬಿ ರ‍್ಯಾಮ್, ಆಂಡ್ರಾಯ್ಡ್ 9. ಕರೆ ಸ್ವೀಕರಿಸಲು ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ನೋಡಿದರೆ ಎರಡು ತೊಂದರೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಂದು, ಫೋನ್ ಜೊತೆಗೆ ಬಂದ ಡಯಲರ್, ಅಂದರೆ ಕರೆ ಮಾಡುವ, ಎತ್ತುವ ಆ್ಯಪ್, ತಾನಾಗಿ ಅಪ್‌ಡೇಟ್ ಆಗಿ, ಒತ್ತುವ ಹಸಿರು ಗುಂಡಿಯ ಬದಲು ಪಕ್ಕಕ್ಕೆ ಎಳೆಯುವ ಪಟ್ಟಿ ಬಂದಿತ್ತು. ಎರಡು, ಪರದೆಯ ನಟ್ಟನಡುವೆ ಮೇಲಿನಿಂದ ಕೆಳಗೆ ಒಂದು ಬೆರಳಗಲ ಸ್ಪರ್ಶವೇ ಸತ್ತಿತ್ತು. ಎಳೆಯಬೇಕಾದ ಹಿಡಿ ಇದ್ದದ್ದು ಸರಿಯಾಗಿ ಆ ಸತ್ತ ಜಾಗದಲ್ಲೇ. ಅತ್ತಿ ಎಳೆಯುವುದನ್ನು ಕಲಿತಿದ್ದರೂ ಕರೆ ಎತ್ತಲು ಆಗುತ್ತಿರಲಿಲ್ಲ.

ಸತ್ತ ಪಟ್ಟಿ ಹುಡುಕುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ‘ಬಿಲ್ಡ್ ನಂಬರ್’ ಮೇಲೆ 7 ಸಲ ಒತ್ತಿದರೆ ‘ಡೆವಲಪರ್ ಆಪ್ಷನ್ಸ್’ ತೆರೆದುಕೊಳ್ಳುತ್ತದೆ. ಅದರೊಳಗೆ ‘ಪಾಯಿಂಟರ್ ಲೊಕೇಶನ್’ ಚಾಲೂ ಮಾಡಿ, ಬೆರಳನ್ನು ಪರದೆಯ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಎಳೆಯಿರಿ. ಬೆರಳಿನ ಹಿಂದೆ ಗೆರೆ ಮೂಡುತ್ತಾ ಹೋಗುತ್ತದೆ. ಎಲ್ಲಿ ಗೆರೆ ತುಂಡಾಗಿ ಆಚೆ ಹೊಸದಾಗಿ ಶುರುವಾಗುತ್ತದೋ ಆ ನಡುವಿನ ಜಾಗ ಸತ್ತಿದೆ. ಪರದೆಯ ಕೆಳಗೆ ಸ್ಪರ್ಶ ಗುರುತಿಸುವ ಸಣ್ಣ ತಂತುಗಳು ಅಡ್ಡ, ಉದ್ದ ಎರಡೂ ಕಡೆ ಹಾಸುಹೊಕ್ಕಾಗಿರುತ್ತವೆ. ಫೋನ್ ಬಿದ್ದು ಒಂದೆರಡು ತಂತು ಕಡಿದರೆ ಅಷ್ಟೂ ಉದ್ದದ ಪಟ್ಟಿ ಸಾಯುತ್ತದೆ. ಮಗ್ಗದ ಮೇಲೆ ಒಂದು ಎಳೆ ಕಡಿದರೆ ಬಟ್ಟೆಯುದ್ದಕ್ಕೂ ಕಾಣುತ್ತದಲ್ಲ, ಹಾಗೆ. ಅತ್ತಿಗೆ ಅಷ್ಟು ಹೇಳಿದ್ದೇ ಸಾಕಾಯಿತು. ನೋಡಿ ಮುಗಿದ ಮೇಲೆ ಡೆವಲಪರ್ ಆಪ್ಷನ್ಸ್ ಬಂದ್ ಮಾಡಬೇಕು. ಇಲ್ಲದಿದ್ದರೆ ಪರದೆಯ ಮೇಲೆ ಗೆರೆಗಳು ಓಡಾಡುತ್ತಲೇ ಇರುತ್ತವೆ.

ಬೇರೆ ಡಯಲರ್ ಹಾಕುವ ಮೊದಲು ಇದ್ದದ್ದರಲ್ಲೇ ದಾರಿ ಇದೆಯೇ ನೋಡಬೇಕು. 2025ರ ಆಗಸ್ಟ್ ಹೊತ್ತಿಗೆ ರೂಪ ಬದಲಿಸಿದ ಗೂಗಲ್ ಫೋನ್ ಆ್ಯಪ್‌ನಲ್ಲಿ, ಅದರ ಸೆಟ್ಟಿಂಗ್ಸ್‌ನೊಳಗೆ ಒಳಬರುವ ಕರೆಗೆ ಎಳೆಯುವುದೋ ಒಮ್ಮೆ ಒತ್ತುವುದೋ ಎಂದು ಆರಿಸುವ ಅವಕಾಶ ಕೊಟ್ಟಿದ್ದಾರೆ. ಅಂಥ ಆಯ್ಕೆ ಇದ್ದವರು ಅಲ್ಲಿಗೇ ನಿಲ್ಲಬಹುದು. ಇನ್ನೊಂದು ದಾರಿ, ಸೆಟ್ಟಿಂಗ್ಸ್ → ಆ್ಯಪ್ಸ್ → ಫೋನ್ → ಮೇಲಿನ ಮೂರು ಚುಕ್ಕಿ → ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಫೋನ್ ಕೊಂಡಾಗ ಇದ್ದ ರೂಪ ವಾಪಸ್ ಬರುತ್ತದೆ. ಆದರೆ ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ನ ಪುಟ ತೆರೆದು ಮೂರು ಚುಕ್ಕಿಯಲ್ಲಿ ‘ಎನೇಬಲ್ ಆಟೋ ಅಪ್‌ಡೇಟ್’ ಟಿಕ್ ತೆಗೆಯದಿದ್ದರೆ ವೈಫೈ ಸಿಕ್ಕ ಕೂಡಲೇ ಮತ್ತೆ ಹೊಸದು ಬಂದು ಕೂರುತ್ತದೆ. ಬಹಳ ಮಂದಿ ಈ ಎರಡನೇ ಕೆಲಸ ಬಿಡುತ್ತಾರೆ, ನಾಲ್ಕು ದಿನಕ್ಕೆ ಮತ್ತೆ ಅದೇ ತಕರಾರು. ಅತ್ತಿಯ ಫೋನಿನಲ್ಲಿ ಮೂಲ ಆವೃತ್ತಿಯೂ ಎಳೆಯುವ ಜಾತಿಯದೇ. ನಡುವೆ ಬಂದ ಯಾವುದೋ ಆವೃತ್ತಿಯಲ್ಲಿ ಮಾತ್ರ ಗುಂಡಿ ಇತ್ತು. ಹಾಗಾಗಿ ಬೇರೆ ಡಯಲರ್ ಬೇಕೇ ಆಯಿತು.

ಇಲ್ಲಿ ಒಂದು ಗಡಿ ತಿಳಿದಿರಬೇಕು. ಕರೆ ಬಂದಾಗಿನ ಪರದೆಯನ್ನು ಬೇರೆ ಆ್ಯಪ್‌ಗೆ ಒಪ್ಪಿಸುವ ಸೌಲಭ್ಯ ಬಂದದ್ದು 2015ರ ಆಂಡ್ರಾಯ್ಡ್ 6ರಿಂದ. ಅದಕ್ಕೂ ಹಿಂದಿನ ಫೋನಿನಲ್ಲಿ ಯಾವ ಡಯಲರ್ ಹಾಕಿದರೂ ಅಂಕಿ ಒತ್ತುವ ಪುಟ, ಕರೆಪಟ್ಟಿ ಬದಲಾಗುತ್ತವೆಯೇ ಹೊರತು ರಿಂಗ್ ಆಗುವಾಗ ಕಾಣುವುದು ಕಂಪನಿಯ ಪರದೆಯೇ. ಆಂಡ್ರಾಯ್ಡ್ 5 ಇದ್ದವರು ಹತ್ತು ಡಯಲರ್ ಹಾಕಿ ತೆಗೆದು ಬೇಸರಪಡುವುದು ಇದೇ ಕಾರಣಕ್ಕೆ.

ಹಾಕಿದ್ದು ಫಾಸಿಫೈ ಫೋನ್ ಎಂಬ ಡಯಲರ್. ಸಿಂಪಲ್ ಮೊಬೈಲ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶದ ಗುಂಪಿನಲ್ಲಿ ಒಂದು ಡಯಲರ್ ಇತ್ತು. 2023ರ ಕೊನೆಗೆ ಆ ಗುಂಪು ಬೇರೆ ಕಂಪನಿಗೆ ಮಾರಾಟವಾದಾಗ, ಅದರ ತೆರೆದ ಕೋಡ್ ಹಿಡಿದು ಕೆಲವರು ಮುಂದುವರಿಸಿದ್ದೇ ಫಾಸಿಫೈ. ಜಾಹೀರಾತಿಲ್ಲ. ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ, ಮತ್ತು ನನ್ನ ಮಟ್ಟಿಗೆ ಅದೇ ದೊಡ್ಡ ಗುಣ. ಮನೆಯ ಹೆಂಗಸೊಬ್ಬರ ಫೋನಿನ ಕರೆಪಟ್ಟಿ, ನಂಬರ್‌ಪಟ್ಟಿ ಎರಡನ್ನೂ ಒಂದು ಆ್ಯಪ್‌ಗೆ ಒಪ್ಪಿಸುತ್ತಿದ್ದೇವೆ ಎಂಬುದನ್ನು ಹಾಕಿಕೊಡುವವರು ಮರೆಯಬಾರದು. ಮುಕ್ತ ತಂತ್ರಾಂಶಗಳ ಆ್ಯಪ್ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲಿ ಇದು ಸಿಗುತ್ತದೆ. ಅಲ್ಲಿ ಪ್ರತಿ ಆವೃತ್ತಿಯ ಜೊತೆ ಯಾವ ಆಂಡ್ರಾಯ್ಡ್ ಬೇಕು ಎಂದು ಬರೆದಿರುತ್ತದೆ, ಅದನ್ನು ನೋಡಿಯೇ ಇಳಿಸಿಕೊಳ್ಳಬೇಕು.

ಸೆಟ್ಟಿಂಗ್ಸ್ → ಆ್ಯಪ್ಸ್ → ಡಿಫಾಲ್ಟ್ ಆ್ಯಪ್ಸ್ → ಫೋನ್ ಆ್ಯಪ್‌ನಲ್ಲಿ ಹೊಸದನ್ನು ಆರಿಸಿದ ಮೇಲೆ ನಿಜವಾದ ಕೆಲಸ ಆರಂಭ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ, ಒಳಬರುವ ಕರೆಗೆ ಎಳೆಯುವ ಬದಲು ಒತ್ತುವಂತೆ ಮಾಡುವ ಆಯ್ಕೆ ಇದೆ. ಅದನ್ನು ಚಾಲೂ ಮಾಡಿದರೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಎರಡು ಗುಂಡಿ ಪರದೆಯ ಅಂಚಿಗೆ ಬಂದು ಕೂರುತ್ತವೆ. ನಡುವಿನ ಸತ್ತ ಪಟ್ಟಿಯ ಗೊಡವೆಯೇ ಇಲ್ಲ. ಜೊತೆಗೆ ಕರೆ ಯಾವಾಗಲೂ ಪೂರ್ತಿ ಪರದೆಯಲ್ಲಿ ಕಾಣುವ ಆಯ್ಕೆಯನ್ನೂ ಹಾಕಬೇಕು. ಇಲ್ಲದಿದ್ದರೆ ಫೋನ್ ತೆರೆದಿರುವಾಗ ಕರೆ ಬಂದರೆ ಮೇಲೆ ಸಣ್ಣ ಪಟ್ಟಿಯಾಗಿ ಬರುತ್ತದೆ, ಅದರ ಗುಂಡಿ ಕಣ್ಣಿಗೂ ಸಣ್ಣದು, ಬೆರಳಿಗೂ ಸಣ್ಣದು. ಅಕ್ಷರದ ಗಾತ್ರ ಅತಿ ದೊಡ್ಡದಕ್ಕೆ. ಕರೆ ಮಾಡುವ ಮೊದಲು ಒಮ್ಮೆ ಕೇಳುವ ಆಯ್ಕೆಯೂ ಇರಲಿ, ಚೀಲದಲ್ಲಿ ಫೋನ್ ಒತ್ತಿ ತಾನೇ ಯಾರಿಗೋ ಕರೆ ಹೋಗುವುದು ತಪ್ಪುತ್ತದೆ. ಅಂಕಿ 2 ಒತ್ತಿ ಹಿಡಿದರೆ ಮಗ, 3 ಹಿಡಿದರೆ ಸಾವಕಾರರು. ಮಗನಿಗೆ ಒಂದು ರಿಂಗ್‌ಟೋನ್, ಸಾವಕಾರರಿಗೆ ಇನ್ನೊಂದು. ಲಾಳಿ ಕೈಯಲ್ಲಿದ್ದಾಗ ಏಳಬೇಕೋ ಬೇಡವೋ ಎಂಬುದು ಕಿವಿಗೇ ಗೊತ್ತಾಗಬೇಕು.

ಮಗ್ಗದ ಮನೆಯಲ್ಲಿ ಇನ್ನೊಂದು ಸಂಗತಿ. ಕಿವಿಗೆ ಹಿಡಿಯುವ ಜಾಗದ ಪಕ್ಕದಲ್ಲೇ, ಮುಖ ಹತ್ತಿರ ಬಂದಾಗ ಪರದೆ ಆರಿಸುವ ಸೆನ್ಸರ್ ಇರುತ್ತದೆ. ನೂಲಿನ ದೂಳು ಸ್ಕ್ರೀನ್‌ಗಾರ್ಡ್‌ನ ಸಂದಿಯಲ್ಲಿ ಕೂತರೆ ಆ ಸೆನ್ಸರ್ ಮುಖವೇ ಇದೆ ಎಂದು ತಿಳಿದು ಪರದೆಯನ್ನು ಕಪ್ಪಾಗಿಯೇ ಇಡುತ್ತದೆ, ಕರೆ ಕಡಿಯಲು ಆಗುವುದಿಲ್ಲ. ಮೊದಲು ಗಾರ್ಡ್ ತೆಗೆದು ಒಣ ಬಟ್ಟೆಯಿಂದ ಒರೆಸಿ ನೋಡಿ. ಆಗಲೂ ಸರಿಹೋಗದಿದ್ದರೆ ಕರೆಯ ವೇಳೆ ಆ ಸೆನ್ಸರ್ ಬಂದ್ ಮಾಡುವ ಆಯ್ಕೆ ಇದೇ ಡಯಲರ್‌ನಲ್ಲಿದೆ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ‘ಪವರ್ ಬಟನ್ ಎಂಡ್ಸ್ ಕಾಲ್’ ಇದ್ದರೆ ಅದನ್ನೂ ಹಾಕಿಕೊಡಿ. ಪರದೆ ಕಪ್ಪಾದರೂ ಪಕ್ಕದ ಗುಂಡಿಯಿಂದ ಕರೆ ನಿಲ್ಲುತ್ತದೆ.

ಕಡಿಮೆ ರ‍್ಯಾಮ್‌ನ ಹಳೆಯ ಫೋನಿನಲ್ಲಿ ಹೊಸ ಡಯಲರ್ ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಫೋನು ಮುಚ್ಚಿಬಿಡುತ್ತದೆ. ರಿಂಗ್ ಕೇಳುತ್ತದೆ, ಪರದೆ ಬರುವುದೇ ಇಲ್ಲ, ಅಥವಾ ಕರೆ ಮುಗಿಯುವ ಹೊತ್ತಿಗೆ ಬರುತ್ತದೆ. ಅದಕ್ಕೆ ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಡಯಲರನ್ನು ಹೊರಗಿಡಬೇಕು. ರೆಡ್ಮಿ ಫೋನುಗಳಲ್ಲಿ ಆ್ಯಪ್ ತಾನೇ ಶುರುವಾಗಲು ಬಿಡುವ ‘ಆಟೋಸ್ಟಾರ್ಟ್’ ಚಾಲೂ ಇರಬೇಕು. ಅಲ್ಲದೆ ‘ಅದರ್ ಪರ್ಮಿಷನ್ಸ್’ ಒಳಗೆ, ಲಾಕ್ ಪರದೆಯ ಮೇಲೆ ತೋರಿಸುವ ಮತ್ತು ಹಿನ್ನೆಲೆಯಲ್ಲಿದ್ದಾಗ ಪಾಪ್-ಅಪ್ ತೆರೆಯುವ ಎರಡು ಅನುಮತಿಗಳನ್ನು ಬೇರೆಯಾಗಿಯೇ ಕೊಡಬೇಕು. ಈ ಎರಡು ಕೊಡದೆ “ಆ್ಯಪ್ ಸರಿಯಿಲ್ಲ” ಎಂದು ತೆಗೆದವರನ್ನು ಬಾಗಲಕೋಟೆಯ ನವನಗರದಲ್ಲೂ ನೋಡಿದ್ದೇನೆ, ಗುಳೇದಗುಡ್ಡದಲ್ಲೂ ನೋಡಿದ್ದೇನೆ.

ಹಳೆಯ ಡಯಲರನ್ನು ಮಾತ್ರ ಡಿಸೇಬಲ್ ಮಾಡಬೇಡಿ. 112ರಂಥ ತುರ್ತು ಕರೆಗೆ ಆಂಡ್ರಾಯ್ಡ್ ಫೋನಿನ ಜೊತೆ ಬಂದ ಡಯಲರನ್ನೇ ಬಳಸುತ್ತದೆ. *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನೋಡುವಂಥ ಸಂಕೇತಗಳು ಕೆಲವು ಹೊಸ ಡಯಲರ್‌ಗಳಲ್ಲಿ ನಡೆಯುವುದಿಲ್ಲ, ಆಗಲೂ ಹಳೆಯದೇ ಬೇಕು. ಮುಖಪುಟದಿಂದ ಅದರ ಚಿತ್ರ ತೆಗೆದರೆ ಸಾಕು. ಕರೆ ರೆಕಾರ್ಡ್ ಮಾಡಿಟ್ಟುಕೊಳ್ಳುವ ವ್ಯಾಪಾರಸ್ಥರು ಡಯಲರ್ ಬದಲಿಸುವ ಮೊದಲು ಯೋಚಿಸಬೇಕು. ಆ ಸೌಲಭ್ಯ ಕಂಪನಿಯ ಡಯಲರ್‌ಗೇ ಅಂಟಿಕೊಂಡಿರುತ್ತದೆ, ಹೊಸದಕ್ಕೆ ಬರುವುದಿಲ್ಲ.

ಹೆಸರುಗಳ ವಿಷಯ. ಸಿಮ್ ಕಾರ್ಡಿನಲ್ಲೇ ಉಳಿದ ನಂಬರ್‌ಗಳಲ್ಲಿ ಕನ್ನಡದ ಹೆಸರು ಅರ್ಧಕ್ಕೆ ಕತ್ತರಿಸಿರುತ್ತದೆ. ಸಿಮ್‌ನಲ್ಲಿ ಹೆಸರಿಗೆ ಇರುವ ಜಾಗವೇ ಸಣ್ಣದು. ಅದರಲ್ಲೂ ಕನ್ನಡದ ಒಂದೊಂದು ಸಂಕೇತಕ್ಕೆ ಸಾಮಾನ್ಯವಾಗಿ ಎರಡು ಬೈಟ್ ಬೇಕು, ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ‘ಗುಳೇದಗುಡ್ಡ’ ಎಂದು ನಮಗೆ ಕಾಣುವುದು 5 ಅಕ್ಷರ, ಫೋನಿನ ಲೆಕ್ಕಕ್ಕೆ 10. ಆದ್ದರಿಂದ ಮೊದಲು ಎಲ್ಲವನ್ನೂ ಫೋನಿಗೋ ಗೂಗಲ್ ಖಾತೆಗೋ ಸಾಗಿಸಿ, ನಂಬರ್‌ಪಟ್ಟಿ ಉಳಿಸುವ ವಿಸಿಎಫ್ ಕಡತವಾಗಿ ಒಂದು ಪ್ರತಿ ತೆಗೆದಿಟ್ಟು, ಆಮೇಲೆ ಹೆಸರು ತಿದ್ದಬೇಕು. ಅಂಕಿ ಒತ್ತಿ ಹೆಸರು ಹುಡುಕುವ ರೂಢಿ ಇದ್ದವರಿಗೆ ಇನ್ನೊಂದು ಕಷ್ಟ: ಗುಂಡಿಗಳ ಮೇಲೆ ಇರುವುದು ಇಂಗ್ಲಿಷ್ ಅಕ್ಷರ, ಕನ್ನಡದಲ್ಲಿ ಬರೆದ ಹೆಸರು ಬಹುಪಾಲು ಡಯಲರ್‌ಗಳಲ್ಲಿ ಹಾಗೆ ಸಿಗುವುದಿಲ್ಲ. ಹೆಸರಿನ ಜೊತೆ ಇಂಗ್ಲಿಷಿನ ಎಸ್, ಎ, ವಿ ಎಂಬ ಮೂರಕ್ಷರ ಸೇರಿಸಿಟ್ಟರೆ 728 ಒತ್ತಿದಾಗ ಸಾವಕಾರರು ಮೇಲೆ ಬರುತ್ತಾರೆ. ಅತ್ತಿಗೆ ಅದು ಬೇಕಾಗಲಿಲ್ಲ, ಫೋಟೊ ಹಾಕಿದ ಮೆಚ್ಚಿನ ಪಟ್ಟಿ ಸಾಕಾಯಿತು.

ಎಲ್ಲ ಮುಗಿದ ಮೇಲೆ ಬೇರೆ ಫೋನಿನಿಂದ ಕರೆ ಮಾಡಿ ನೋಡುವುದನ್ನು ಬಿಡಬಾರದು: ಲಾಕ್ ಆಗಿದ್ದಾಗ, ತೆರೆದಿದ್ದಾಗ, ಇನ್ನೊಂದು ಕರೆ ನಡೆಯುತ್ತಿದ್ದಾಗ, ಬ್ಯಾಟರಿ ಸೇವರ್ ಹಾಕಿದಾಗ, ಫೋನ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದ ಮೇಲೆ. ಕೊನೆಯದು ಮುಖ್ಯ. ಆಟೋಸ್ಟಾರ್ಟ್ ಮರೆತಿದ್ದರೆ ಆಗಲೇ ಗೊತ್ತಾಗುವುದು. ಮತ್ತು ಕರೆ ಎತ್ತಿ ನೋಡಬೇಕಾದ್ದು ಫೋನಿನ ಒಡೆಯರು, ಅವರದೇ ಕೈಯಿಂದ.

ಆ ಹೆಬ್ಬೆರಳು ಏನೂ ಇಲ್ಲದ ಜಾಗವನ್ನು ಒತ್ತಿದ್ದು ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿದೆ. ಅತ್ತಿಗೆ ಓದಲು ಬರುವುದಿಲ್ಲ ಎನ್ನುತ್ತಾರೆ ಮನೆಯವರು. ಆದರೆ ಆ ಪರದೆ ಅವರಿಗೆ ಬಾಯಿಪಾಠವಾಗಿತ್ತು. ಬಲ ಕೆಳಮೂಲೆ ಎಂದರೆ ಮಗನ ದನಿ. ಅಕ್ಷರದ ಬದಲು ಜಾಗ ಮತ್ತು ಬಣ್ಣ ನೆನಪಿಟ್ಟು ಫೋನ್ ಬಳಸುವವರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಅಂಥವರ ಪಾಲಿಗೆ ಗುಂಡಿಯ ಜಾಗ ಬದಲಾಗುವುದು ಕಲಿತದ್ದೆಲ್ಲ ಅಳಿಸಿಹೋದ ಹಾಗೆ. ಕೇಳದೆ ಅಳಿಸಿದವರು ಎಲ್ಲೋ ದೂರದಲ್ಲಿದ್ದಾರೆ. ಅತ್ತಿಯ ಮೇಲೆ ಬಿದ್ದ ಮಾತು ಮಾತ್ರ “ಇವರಿಗೆ ಫೋನ್ ಬರಂಗಿಲ್ಲ” ಎಂಬುದು. ಆ ಮಾತು ನನಗೆ ಸಹಿಸಲಾಗುವುದಿಲ್ಲ. ಹೊಲಕ್ಕೆ ಹೋಗುವವರಿರಲಿ, ಮಗ್ಗದಲ್ಲಿ ಕೂರುವವರಿರಲಿ, ಕೈಯ ನೆನಪಿನಿಂದ ಇಷ್ಟು ಕೆಲಸ ಮಾಡುವವರಿಗೆ ಗುಂಡಿ ಇದ್ದಲ್ಲೇ ಇರಬೇಕು ಎಂದು ಕೇಳುವ ಹಕ್ಕಿದೆ.

ಹೊರಡುವ ಹೊತ್ತಿಗೆ ಅಣ್ಣನ ಮಗ ಇನ್ನೊಂದು ಸಲಹೆ ಕೊಟ್ಟ. ಸೇವ್ ಮಾಡದ ನಂಬರ್‌ಗಳಿಂದ ಬರುವ ಕರೆಗಳನ್ನೆಲ್ಲ ತಡೆಯುವ ಆಯ್ಕೆ ಹೊಸ ಡಯಲರಿನಲ್ಲಿದೆಯಲ್ಲ, ಅದನ್ನೂ ಹಾಕಿಬಿಡಿ, ಮೋಸದ ಕರೆ ಬರುವುದಿಲ್ಲ ಎಂದ. ಅವನ ಕಾಳಜಿ ನಿಜ. ಆದರೆ ಹಾಕಲಿಲ್ಲ. ಮಗನ ಫೋನ್ ಚಾರ್ಜ್ ಮುಗಿದರೆ ಅವನು ಜೊತೆಗಾರನ ಫೋನಿನಿಂದ ಮಾಡುತ್ತಾನೆ. ಗ್ಯಾಸ್ ತರುವವರು, ಆಶಾ ಕಾರ್ಯಕರ್ತೆ, ಆಸ್ಪತ್ರೆಯವರು ಯಾರ ನಂಬರೂ ಸೇವ್ ಇರುವುದಿಲ್ಲ. ಬ್ಯಾಂಕಿನ ಸೇವೆ, ವಹಿವಾಟಿನ ಕರೆಗಳು 1600ರಿಂದ ಶುರುವಾಗುವ ನಂಬರ್‌ಗಳಿಂದ ಬರುತ್ತವೆ, ತಡೆ ಹಾಕಿದರೆ ಅವೂ ಬರುವುದಿಲ್ಲ. ಕಾಡುವ ನಂಬರ್ ಬಂದಾಗ ಅದೊಂದನ್ನೇ ಒತ್ತಿ ಹಿಡಿದು ಬ್ಲಾಕ್ ಮಾಡುವುದನ್ನು ಅವನಿಗೇ ತೋರಿಸಿದ್ದಾಯಿತು. ಓಟಿಪಿ ಕೇಳಿದರೆ ಕೆಂಪು ಗುಂಡಿ, ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ಆ ನಂಬರನ್ನು 4ಕ್ಕೆ ಜೋಡಿಸಿ, ಒಮ್ಮೆ ಅತ್ತಿಯಿಂದಲೇ ಒತ್ತಿಸಿ, ಕರೆ ಹೋಗುವ ಮೊದಲು ಬರುವ ಪ್ರಶ್ನೆಗೆ ಬೇಡ ಎನ್ನುವುದನ್ನೂ ರೂಢಿ ಮಾಡಿಸಲಾಗಿದೆ.